ಗಾಲಿಗೆ ಕೊಟ್ಟ ಕಲ್ಲು

ಲಾರಿಯಿಂದ ಇಳಿದು ಹಿಂದಕ್ಕೆ ನಡೆದುಹೋಗಿ ಕಲ್ಲುಗಳನ್ನೆತ್ತಿ ರಸ್ತೆಯ ಬದಿಗೆ ಹಾಕಿದ್ದು ಮುಲೂದ್‌ಗೆ ಚೆನ್ನಾಗಿ ನೆನಪಿತ್ತು. ಆದರೆ ಹಾಗೆ ಮಾಡಿದ್ದು ಆ ಮಂಗಳವಾರವೋ, ಹೋದ ಚಳಿಗಾಲದ ಬೇರೆ ಯಾವುದೋ ದಿನವೋ ಎಂಬುದು ಮಾತ್ರ ಎಷ್ಟು ತಿಣುಕಿದರೂ ಹೊಳೆಯಲಿಲ್ಲ.

ಮಂಗಳವಾರ ನಡೆದದ್ದು ಇಷ್ಟು. ಮಿದೆಲ್ತ್‌ನಲ್ಲಿ ಸೇಬಿನ ಪೆಟ್ಟಿಗೆಗಳನ್ನು ತುಂಬಿಕೊಂಡು ಅವನು ಬೆಳಗಾಗುತ್ತಲೇ ಮೆಕ್ನೆಸ್ ಕಡೆಗೆ ಹೊರಟಿದ್ದ. ಝಾಯಿದಾ ದಾಟುವಷ್ಟರಲ್ಲಿ ಘಾಟಿಯ ಗೇಟು ಹಾಕಿತ್ತು. ಮೇಲೆ ಹಿಮ ಬಿದ್ದಿದೆ, ಹಿಮ ತಳ್ಳುವ ಬಂಡಿ ಇನ್ನೂ ಇಳಿದುಬಂದಿಲ್ಲ ಎಂದು ಪೊಲೀಸಿನವನು ಕೈಯಾಡಿಸಿದ. ಇಪ್ಪತ್ತು ಮೂವತ್ತು ಲಾರಿಗಳು ಸಾಲಾಗಿ ನಿಂತಿದ್ದವು. ಕೆಲವರು ಚಳಿಗೆ ಡೀಸೆಲ್ ಹೆಪ್ಪುಗಟ್ಟದಿರಲೆಂದು ಟ್ಯಾಂಕಿನ ಕೆಳಗೆ ರಟ್ಟು ಸುಟ್ಟು ಬಿಸಿ ಮಾಡುತ್ತಿದ್ದರು. ಮುಲೂದ್‌ಗೆ ಅದು ಸೇರದು. ಒಮ್ಮೆ ಹಾಗೆ ಮಾಡಲು ಹೋಗಿ ಕುರಿ ತುಂಬಿದ ಲಾರಿಯೊಂದು ಹೊತ್ತಿ ಉರಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅವನು ಇಂಜಿನ್ನಿನ ಮುಂದೆ ಕಂಬಳಿ ಕಟ್ಟಿ, ಕ್ಯಾಬಿನ್ನಿನೊಳಗೆ ಕೂತು ಕಾದ. ಹತ್ತು ಗಂಟೆಗೆ ಗೇಟು ತೆಗೆದರು. ಹಿಮದಲ್ಲಿ ಜಾರದಂತೆ ಗಾಲಿಗೆ ಚೈನು ಸುತ್ತಿಕೊಂಡು ಒಂದೊಂದಾಗಿ ಹತ್ತತೊಡಗಿದರು.

ದೇವದಾರು ಮರಗಳು ಮುಗಿದು ಬೋಳು ಗುಡ್ಡ ಶುರುವಾಗುವ ಕಡೆ ಒಂದು ತಿರುವಿದೆ. ಎಡಕ್ಕೆ ಕಮರಿ, ಅದರ ಅಂಚಿಗೆ ಅರ್ಧ ಕುಸಿದ ಮೋಟುಗೋಡೆ. ಅಲ್ಲಿ ಮುಲೂದನ ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಡೀಸೆಲ್ ಗಟ್ಟಿಯಾಗಿತ್ತು. ಹದಿನಾಲ್ಕು ಟನ್ ಲೋಡು, ಕಾಲಡಿ ಮಂಜುಗಡ್ಡೆ. ಬರೀ ಹ್ಯಾಂಡ್‌ಬ್ರೇಕನ್ನು ನಂಬುವ ಹಾಗಿರಲಿಲ್ಲ. ಅವನು ಇಳಿದು ಆ ಮೋಟುಗೋಡೆಯಿಂದ ಕಲ್ಲು ಕಿತ್ತು ಹಿಂದಿನ ಗಾಲಿಗಳಿಗೆ ಎರಡು ಕೊಟ್ಟ. ಕೆಳಗಿನಿಂದ ಬರುವವರಿಗೆ ಕಾಣಲೆಂದು ಇಪ್ಪತ್ತು ಹೆಜ್ಜೆ ಹಿಂದೆ ರಸ್ತೆಯ ಮೇಲೆ ಇನ್ನೂ ಮೂರು ಇಟ್ಟ. ಆಮೇಲೆ ಫಿಲ್ಟರಿಗೆ ಬಟ್ಟೆ ಸುತ್ತಿ, ಫ್ಲಾಸ್ಕಿನಲ್ಲಿದ್ದ ಚಹಾವನ್ನೆಲ್ಲ ಅದರ ಮೇಲೆ ಸುರಿದ. ಮುಕ್ಕಾಲು ಗಂಟೆ ಒದ್ದಾಡಿದ ಮೇಲೆ ಇಂಜಿನ್ ಹಿಡಿಯಿತು.

ಇಂಥ ಕಡೆ ಒಮ್ಮೆ ಗಾಲಿ ಉರುಳಿತೆಂದರೆ ಯಾರೂ ನಿಲ್ಲಿಸುವುದಿಲ್ಲ. ನಿಂತರೆ ಮತ್ತೆ ಏರುವುದು ಖಾತ್ರಿಯಿಲ್ಲ. ಗಾಲಿ ಮುಂದೆ ಹೋಗುತ್ತದೆ, ಕಲ್ಲು ಇದ್ದಲ್ಲೇ ಉಳಿಯುತ್ತದೆ. ಒಂಟಿಯಾಗಿ ಓಡಿಸುವವರೆಲ್ಲ ಮಾಡುವುದು ಹೀಗೆಯೇ. ಆದರೆ ತಿರುವು ದಾಟಿ ಇನ್ನೂರು ಹೆಜ್ಜೆ ಮೇಲೆ ಸ್ವಲ್ಪ ಸಮತಟ್ಟು ಜಾಗ ಸಿಗುತ್ತದೆ. ಮನಸ್ಸು ಮಾಡಿದವನು ಅಲ್ಲಿ ನಿಲ್ಲಿಸಿ, ನಡೆದು ಬಂದು, ಕಲ್ಲು ತೆಗೆದು ಹೋಗಬಹುದು. ಮುಲೂದ್ ಸಾಮಾನ್ಯವಾಗಿ ಮನಸ್ಸು ಮಾಡುವವನೇ. ಅವನು ಹಾಗೆ ನಡೆದು ಬಂದದ್ದು ಆರು ಸಲವಿರಬಹುದು, ಹತ್ತು ಸಲವಿರಬಹುದು. ಆ ಸಲಗಳೆಲ್ಲ ಈಗ ಅವನ ತಲೆಯೊಳಗೆ ಒಂದರ ಮೇಲೊಂದು ಬಿದ್ದು ಒಂದೇ ಆಗಿಬಿಟ್ಟಿದ್ದವು.

ಅಂದು ಮಧ್ಯಾಹ್ನ ಘಾಟಿ ಇಳಿದು ತಿಮಹ್ದಿತ್‌ನ ಕದ್ದೂರನ ಖಾನಾವಳಿಯಲ್ಲಿ ಒಲೆಯ ಪಕ್ಕ ಕೂತು ಅವನು ಬಿಸಿ ಹುರುಳಿಕಾಯಿ ಬೀಜದ ಗಂಜಿ ಕುಡಿಯುತ್ತಿದ್ದಾಗ ಸಿಮೆಂಟ್ ಲಾರಿಯ ಮಿಮೂನ್ ಒಳಗೆ ಬಂದ. ಟೋಪಿಯನ್ನೂ ತೆಗೆಯದೆ ಸುದ್ದಿ ಹೇಳಿದ. ಬೋಳು ಗುಡ್ಡದ ತಿರುವಿನಲ್ಲಿ ಒಂದು ಪಿಕಪ್ ಮಗುಚಿ ಕಮರಿಯ ಮೊದಲ ಮೆಟ್ಟಿಲಿಗೆ ಬಿದ್ದಿದೆ. ಓಡಿಸುತ್ತಿದ್ದವನು ಕುರಿಗಳಿಗೆ ಬಾರ್ಲಿ ತರುತ್ತಿದ್ದ, ರಹೋ ಎಂದು ಹೆಸರು, ತಿಗ್ರಿತ್ ಹಳ್ಳಿಯವನು. ಜೀವಕ್ಕೆ ಅಪಾಯವಿಲ್ಲ, ಆದರೆ ಸೊಂಟದ ಕೆಳಗೆ ಮುರಿದಿದೆ. ಯಾರೋ ಗಾಲಿಗೆ ಕೊಟ್ಟ ಕಲ್ಲನ್ನು ಬಿಟ್ಟು ಹೋಗಿದ್ದರಂತೆ. ಅದರ ಮೇಲೆ ಹೊಸ ಹಿಮ ಬಿದ್ದು ಮುಚ್ಚಿಹೋಗಿತ್ತಂತೆ.

ಕೂತಿದ್ದ ಡ್ರೈವರುಗಳೆಲ್ಲ ಆ ಕಲ್ಲು ಬಿಟ್ಟವನನ್ನು ಬಾಯಿಗೆ ಬಂದಂತೆ ಬೈದರು. ಅವನ ಕೈಗೆ ಹುಳ ಬೀಳಲಿ ಎಂದ ಒಬ್ಬ. ಅಂಥವನ ಲೈಸೆನ್ಸು ಕಿತ್ತು ಒಲೆಗೆ ಹಾಕಬೇಕು ಎಂದ ಇನ್ನೊಬ್ಬ. ಮುಲೂದ್ ಸಹ ಬೈದ. ಬೈದು ಮುಗಿಸಿ, ಚಮಚವನ್ನು ಮತ್ತೆ ಬಾಯಿಗೆ ಒಯ್ಯುವಾಗ ಕೈ ಅರ್ಧದಲ್ಲಿ ನಿಂತಿತು.

ಒಲೆಯ ಅಂಚಿಗೆ ಅವನು ಒಣಗಲು ಇಟ್ಟಿದ್ದ ಕೈಗವಸು ಕಾಣುತ್ತಿತ್ತು. ಅದು ತೊಯ್ದು ತೊಪ್ಪೆಯಾಗಿತ್ತು. ಅಂದರೆ ತಾನು ಹಿಂದಕ್ಕೆ ಹೋಗಿ ಕಲ್ಲು ಎತ್ತಿದ್ದೇನೆ ಎಂದುಕೊಂಡು ಒಂದು ಗಳಿಗೆ ಹಗುರಾದ. ಮರುಗಳಿಗೆಗೆ, ಕಲ್ಲು ಇಡುವಾಗಲೂ ತೊಯ್ಯುವುದೇ ಅಲ್ಲವೆ ಎನ್ನಿಸಿತು. ನೆನಪಿನಲ್ಲಿದ್ದ ಚಿತ್ರದಲ್ಲಿ ಬಿಸಿಲಿತ್ತು. ಮಂಗಳವಾರ ಬಿಸಿಲಿರಲಿಲ್ಲ. ಆದರೆ ಹನ್ನೊಂದು ಹನ್ನೊಂದೂವರೆಗೆ ಒಂದು ಚೂರು ಮೋಡ ಸರಿದಿದ್ದು ನಿಜ. ಎಷ್ಟು ಹೊತ್ತು ಸರಿದಿತ್ತು? ಮಿಮೂನನನ್ನು ಕೇಳಬೇಕೆಂದುಕೊಂಡ. ಕೇಳಿದರೆ ಯಾಕೆ ಎನ್ನುತ್ತಾನೆ. ಮಿಮೂನ್ ಮಾತ್ರ ಉಳಿದವರಂತೆ ಬೈಯದೆ ರೊಟ್ಟಿಯನ್ನು ಚೂರು ಚೂರಾಗಿ ಹರಿಯುತ್ತಿದ್ದ. ಹರಿದದ್ದನ್ನು ತಿನ್ನಲಿಲ್ಲ.

ಊರಿಗೆ ಮರಳಿದ ಮೇಲೆ ಹೆಂಡತಿ ತೂಡಾಗೆ ಹೇಳಿದ. ಅವಳು ಉಣ್ಣೆ ಹಿಂಜುತ್ತಿದ್ದವಳು ಕೈ ನಿಲ್ಲಿಸದೆ ಪೂರ್ತಿ ಕೇಳಿದಳು. ತೆಗೆದೆಯೋ ಇಲ್ಲವೋ ಎಂದು ಒಂದೇ ಮಾತಿನಲ್ಲಿ ಹೇಳು ಎಂದಳು. ಗೊತ್ತಿಲ್ಲ ಎಂದ. ಹಾಗಿದ್ದರೆ ತೆಗೆದಿದ್ದೀಯ ಎಂದು ತೀರ್ಪು ಕೊಟ್ಟಳು. ಇಪ್ಪತ್ತೇಳು ವರ್ಷದಿಂದ ಅವನ ಜೊತೆ ಬಾಳಿದವಳಿಗೆ ಅವನ ಸ್ವಭಾವ ಗೊತ್ತಿಲ್ಲವೆ.

"ಬಾಗ್ಲಿಗೆ ಚಿಲಕ ಹಾಕಿದ್ನಾ ಅಂತ ದಿನಾ ಎರಡು ಸಲ ಎದ್ದು ನೋಡೋನು ನೀನು," ಎಂದಳು. "ಹಾಕೇ ಇರ್ತೀಯ."

"ಒಂದ್ಸಲ ಹಾಕಿರ್ಲಿಲ್ಲ."

"ಒಂದ್ಸಲ," ಎಂದು ತೂಡಾ ಒಪ್ಪಿಕೊಂಡಳು.

ಮುಂದಿನ ಹದಿಮೂರು ದಿನಗಳಲ್ಲಿ ಮುಲೂದ್ ಆ ತಿರುವನ್ನು ಆರು ಸಲ ಹಾದ. ಹತ್ತುವಾಗ ನಿಲ್ಲಿಸುವ ಹಾಗಿಲ್ಲ. ಇಳಿಯುವಾಗ ಒಮ್ಮೆ ನಿಲ್ಲಿಸಿದ. ಪಿಕಪ್ ಇನ್ನೂ ಕೆಳಗೆ ಮಗುಚಿಕೊಂಡೇ ಇತ್ತು, ಬಾರ್ಲಿಯ ಮೇಲೆ ಕಾಗೆಗಳು ಕೂತಿದ್ದವು. ತಳ್ಳುವ ಬಂಡಿ ಹಿಮದ ಜೊತೆ ಕಲ್ಲುಗಳನ್ನೂ ಬಾಚಿ ರಸ್ತೆಯ ಬದಿಗೆ ಗುಡ್ಡೆ ಹಾಕಿತ್ತು. ಅವನು ಕೋಲಿನಿಂದ ಕೆದಕಿ ನೋಡಿದ. ತಾನಿಟ್ಟದ್ದು ಐದು, ಅದರಲ್ಲಿ ಒಂದಕ್ಕೆ ಮೋಟುಗೋಡೆಯ ಹಳದಿ ಬಣ್ಣ ಮೆತ್ತಿದ್ದು ನೆನಪಿತ್ತು. ಗುಡ್ಡೆಯಲ್ಲಿ ಹದಿನೇಳು ಕಲ್ಲು ಸಿಕ್ಕವು. ಹಳದಿ ಬಣ್ಣ ಒಂಬತ್ತಕ್ಕಿತ್ತು. ಆ ತಿರುವಿನಲ್ಲಿ ನಿಂತವರೆಲ್ಲ ಕಿತ್ತದ್ದು ಅದೇ ಗೋಡೆಯಿಂದ. ಒಂದನ್ನು ಕೈಗೆ ಎತ್ತಿಕೊಂಡು ತೂಕ ನೋಡಿದ, ಇದೇ ಎನ್ನಿಸಿತು. ಇನ್ನೊಂದನ್ನು ಎತ್ತಿದ, ಅದೂ ಅದೇ ಎನ್ನಿಸಿತು. ಪೊಲೀಸ್ ಜೀಪೊಂದು ನಿಧಾನವಾಯಿತು, ಒಳಗಿದ್ದವರು ಏನು ಹುಡುಕುತ್ತಿದ್ದೀಯ ಎಂದು ಕೇಳಿದರು. ಚೈನಿನ ಕೊಂಡಿ ಬಿದ್ದುಹೋಗಿದೆ ಎಂದ. ಹುಡುಕಿಕೊಂಡು ಬೇಗ ಜಾಗ ಖಾಲಿ ಮಾಡು, ತಿರುವಿನಲ್ಲಿ ಲಾರಿ ನಿಲ್ಲಿಸಬಾರದು ಎಂದು ಗದರಿ ಹೋದರು.

ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಅವನನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿತು. ಕಲ್ಲು ತೆಗೆದವನಾಗಿದ್ದರೆ ಯಾಕೆ ಸುಳ್ಳು ಹೇಳಬೇಕಿತ್ತು?

ರಹೋನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆಂದು ಕದ್ದೂರನಿಂದ ತಿಳಿದ ಮೇಲೆ, ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ, ಮುಲೂದ್ ನೀಲಿ ಕಾಗದ ಸುತ್ತಿದ ಎರಡು ಕಿಲೋದ ಸಕ್ಕರೆ ಅಚ್ಚೊಂದನ್ನು ಕೊಂಡು ತಿಗ್ರಿತ್‌ಗೆ ಹೋದ. ಸಕ್ಕರೆ ಅಚ್ಚು ಒಯ್ಯುವುದರಲ್ಲಿ ಒಂದು ಅನುಕೂಲವಿತ್ತು. ಕಾಯಿಲೆ ಬಿದ್ದವರನ್ನು ನೋಡಲು ಹೋಗುವವರೂ ಅದನ್ನೇ ಒಯ್ಯುತ್ತಾರೆ; ತಪ್ಪು ಮಾಡಿ ಕ್ಷಮೆ ಕೇಳಲು ಹೋಗುವವರೂ ಅದನ್ನೇ ಒಯ್ಯುತ್ತಾರೆ. ಮೊದಲನೆಯದಾದರೆ ಮನೆಯವರು ಅದನ್ನು ಗೂಡಿನಲ್ಲಿ ಇಡುತ್ತಾರೆ. ಎರಡನೆಯದಾದರೆ, ಕ್ಷಮಿಸಿದ ಗುರುತಿಗೆ ಅಲ್ಲೇ ಒಡೆದು ಚಹಾಕ್ಕೆ ಹಾಕುತ್ತಾರೆ. ಕ್ಷಮಿಸದಿದ್ದರೆ ಹೊಸ್ತಿಲಾಚೆ ಇಟ್ಟುಬಿಡುತ್ತಾರೆ. ತಾನು ಯಾವ ಸಕ್ಕರೆ ಒಯ್ಯುತ್ತಿದ್ದೇನೆ ಎಂಬುದನ್ನು ದಾರಿಯುದ್ದಕ್ಕೂ ಯೋಚಿಸಿದ. ಹಳ್ಳಿ ಬಂದಿತೇ ಹೊರತು ಉತ್ತರ ಬರಲಿಲ್ಲ.

ಬಾಗಿಲು ತೆಗೆದವಳು ರಹೋನ ಹೆಂಡತಿ ಇಜ್ಜಾ. ಮುಲೂದನ ಎಣ್ಣೆ ಹಿಡಿದ ಕೋಟನ್ನೂ ಕೈಯಲ್ಲಿದ್ದ ಅಚ್ಚನ್ನೂ ನೋಡಿದಳು.

"ಲಾರಿಯವರೇನಪ್ಪಾ?"

"ಹೌದು ತಾಯಿ."

"ಬನ್ನಿ," ಎಂದಳು. "ನೀವು ನಾಲ್ಕನೆಯವರು."

ರಹೋ ಒಲೆಯ ಪಕ್ಕ ಕಂಬಳಿಯ ಮೇಲೆ ಮಲಗಿದ್ದ. ನಲವತ್ತರ ಆಸುಪಾಸಿನವನು, ಎದೆಯ ಕೆಳಗಿನಿಂದ ಎಡಗಾಲಿನ ಹಿಮ್ಮಡಿಯವರೆಗೆ ಪ್ಲಾಸ್ಟರ್. ಇಜ್ಜಾಳ ತಮ್ಮ ಹಮ್ಮೂ ಗೋಡೆಗೆ ಒರಗಿ ಕೂತಿದ್ದ. ಬಾವ ಏಳುವವರೆಗೆ ಕುರಿ ನೋಡಿಕೊಳ್ಳಲು ಬಂದಿದ್ದನಂತೆ. ಗೋಡೆಯ ಗೂಡಿನಲ್ಲಿ ಮೂರು ನೀಲಿ ಅಚ್ಚುಗಳು ಸಾಲಾಗಿ ನಿಂತಿದ್ದವು.

ಚಹಾ ಬಂತು. ಕಾಲು ಹೇಗಿದೆ ಎಂದು ಮುಲೂದ್ ಕೇಳಿದ. ಮೂಳೆ ಕೂಡುತ್ತದೆ, ಆದರೆ ಎಡಗಾಲು ಎರಡು ಬೆರಳು ಗಿಡ್ಡವಾಗುತ್ತದೆ ಎಂದಿದ್ದಾರೆ ಎಂದು ರಹೋ ಹೇಳಿದ. ಗುಡ್ಡದ ಮೇಲೆ ಕುರಿಯ ಹಿಂದೆ ಓಡುವವನಿಗೆ ಎರಡು ಬೆರಳು ಎಂದರೆ ಎಷ್ಟು ಎಂಬುದನ್ನು ಅವನು ಹೇಳಲಿಲ್ಲ, ಮುಲೂದ್ ಕೇಳಲೂ ಇಲ್ಲ. ಆಮೇಲೆ ರಹೋ ಗೂಡಿನ ಕಡೆ ಗದ್ದ ಎತ್ತಿ ತೋರಿಸಿದ.

"ನಂಗೆ ಒಬ್ಬ ಡ್ರೈವರ್ ಗುರುತೂ ಇಲ್ಲ ಅಣ್ಣ. ಆದ್ರೂ ಒಬ್ಬೊಬ್ರಾಗಿ ಬರ್ತಾನೇ ಇದಾರೆ. ಚಹಾ ಕುಡೀತಾರೆ, ಕಾಲು ವಿಚಾರಿಸ್ತಾರೆ, ನೆಲ ನೋಡ್ತಾರೆ, ಹೋಗ್ತಾರೆ. ಕಾಲು ಮುರ್ಕೊಂಡು ನಾನೇನೋ ದೊಡ್ಡ ಮನುಷ್ಯ ಆಗಿಬಿಟ್ಟೆ ಅಂತ ಕಾಣುತ್ತೆ."

"ನಿನ್ನೆ ಬಂದೋನು ಮಿಮೂನ್ ಅಂತೆ," ಎಂದ ಹಮ್ಮೂ. "ಹೋಗುವಾಗ ಕಣ್ಣು ಒರೆಸ್ಕೊಳ್ತಿದ್ದ. ಏನಣ್ಣ ಅಂದ್ರೆ ಹೊಗೆ ಅಂದ. ಒಲೆ ಆರಿಹೋಗಿ ಒಂದು ಗಂಟೆ ಆಗಿತ್ತು."

ಮುಲೂದ್‌ಗೆ ಚಳಿಗೆಂದು ಚಹಾಕ್ಕೆ ಹಾಕಿದ್ದ ಕಹಿಸೊಪ್ಪಿನ ವಾಸನೆ ತಲೆಗೇರಿದಂತಾಯಿತು. ಮೂವರು. ಮೂವರೂ ಆ ದಿನ ಆ ತಿರುವಿನಲ್ಲಿ ನಿಂತಿದ್ದರೆ? ಮೂವರಿಗೂ ತನ್ನ ಹಾಗೆಯೇ ನೆನಪಿಲ್ಲವೋ, ಅಥವಾ ಅವರಲ್ಲೊಬ್ಬನಿಗೆ ಚೆನ್ನಾಗಿ ನೆನಪಿದೆಯೋ? ಇದು ತನ್ನ ಭಾರವನ್ನು ನಾಲ್ಕು ಪಾಲು ಮಾಡಿತೇ, ಇಲ್ಲ ತನ್ನನ್ನು ನಾಲ್ಕು ಪಟ್ಟು ಹೇಡಿ ಮಾಡಿತೇ? ಅವರಂತೆ ತಾನೂ ಈಗ ಲೋಟ ಇಟ್ಟು ಏಳಬಹುದಿತ್ತು. ಇಜ್ಜಾ ಅವನ ಅಚ್ಚನ್ನು ಎತ್ತಿಕೊಂಡು ಗೂಡಿನ ಕಡೆ ಹೊರಟೂ ಆಗಿತ್ತು.

"ಆ ಕಲ್ಲು ನನ್ನದಿರಬಹುದು," ಎಂದ ಮುಲೂದ್.

ಇಜ್ಜಾ ನಡುಮನೆಯಲ್ಲೇ ನಿಂತಳು. ಹಮ್ಮೂ ಗೋಡೆಯಿಂದ ಬೆನ್ನು ತೆಗೆದ.

"ಇರಬಹುದು ಅಂದ್ರೆ ಏನು?" ಎಂದ.

ಮುಲೂದ್ ಇದ್ದದ್ದನ್ನೆಲ್ಲ ಹೇಳಿದ. ಗೇಟು ತೆಗೆದ ಹೊತ್ತು, ಕೆಮ್ಮಿದ ಇಂಜಿನ್, ಐದು ಕಲ್ಲು, ಸಮತಟ್ಟು ಜಾಗ, ಒದ್ದೆ ಕೈಗವಸು, ಬಿಸಿಲು. ಹೇಳುತ್ತ ಹೋದಂತೆ ತನ್ನ ಕಿವಿಗೇ ಅದು ನುಣುಚಿಕೊಳ್ಳುವವನ ಮಾತಿನಂತೆ ಕೇಳತೊಡಗಿತು. ಪೊಲೀಸರಿಗೆ ಸುಳ್ಳು ಹೇಳಿದ್ದನ್ನೂ ಸೇರಿಸಿದ. ಅದನ್ನು ಹೇಳಬೇಕಾಗಿರಲಿಲ್ಲ.

ಹಮ್ಮೂ ಎದ್ದು ನಿಂತಿದ್ದ. ಅವನ ದನಿ ಏರಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

"ನೋಡಣ್ಣ, ನೀನು ನಮ್ಮನೆಗೆ ಬಂದ ನೆಂಟನೋ, ನಮ್ಮ ಬಾವನ ಕಾಲು ಮುರಿದೋನೋ, ಅದನ್ನ ಮೊದ್ಲು ಹೇಳು. ನಮ್ಮನೆ ಚಹಾ ನಿನ್ನ ಕೈಲಿದೆ. ನಾವು ನಿನ್ನ ಜೊತೆ ಹೆಂಗೆ ಮಾತಾಡ್ಬೇಕು ಅಂತ ನಮಗೂ ಗೊತ್ತಾಗ್ಬೇಕಲ್ಲ."

"ಗೊತ್ತಿಲ್ಲ ತಮ್ಮ. ಗೊತ್ತಿದ್ದಿದ್ರೆ ಒಂದೋ ಬರ್ತಾನೇ ಇರ್ಲಿಲ್ಲ, ಇಲ್ಲಾ ಮೊದಲ್ನೇ ದಿನಾನೇ ಬರ್ತಿದ್ದೆ."

ಹಮ್ಮೂ ಬಾವನ ಕಡೆ ತಿರುಗಿ, ಇವನನ್ನು ಹೀಗೆಯೇ ಪೊಲೀಸ್ ಠಾಣೆಗೆ ಕರೆದೊಯ್ಯುತ್ತೇನೆ ಎಂದ. ಕರೆದೊಯ್ದು ಏನು ಬರೆಸುತ್ತೀಯ ಎಂದು ರಹೋ ಕೇಳಿದ. ಗೊತ್ತಿಲ್ಲ ಎನ್ನುವವನ ಬಾಯಿಂದ ಅವರೇನು ಬರೆದುಕೊಳ್ಳುತ್ತಾರೆ? ಹಾಗಿದ್ದರೆ ಉಳಿದ ಮೂವರನ್ನೂ ಕರೆಸಲಿ ಎಂದ ಹಮ್ಮೂ. ಕರೆಸಿದರೆ ಅವರು ಬರೀ ಕಾಯಿಲೆಯವನನ್ನು ನೋಡಲು ಬಂದಿದ್ದೆವು ಎನ್ನುತ್ತಾರೆ, ಅದೂ ನಿಜವೇ ಇರಬಹುದು ಎಂದ ರಹೋ. ಆಮೇಲೆ ಮುಲೂದನ ಕಡೆ ತಲೆ ತಿರುಗಿಸಿದ.

"ಅಣ್ಣ, ಅದು ನಿನ್ನ ಕಲ್ಲು ಅಲ್ಲ ಅಂತ ನಾನು ಹೇಳಿದ್ರೆ ನಿಂಗೆ ಸಮಾಧಾನ ಆಗುತ್ತಾ?"

ಮುಲೂದ್ ಯೋಚಿಸಿದ. "ಆಗುತ್ತೆ."

"ನಿಂದೇ ಅಂದ್ರೆ?"

ಅದಕ್ಕೆ ಹೆಚ್ಚು ಹೊತ್ತು ಹಿಡಿಯಿತು. "ಆಗ್ಲೂ ಆಗುತ್ತೆ."

"ನಾನು ಎರಡೂ ಹೇಳಕ್ಕಾಗಲ್ಲ," ಎಂದ ರಹೋ. "ಮುಂದಿನ ಗಾಲಿ ಏನನ್ನೋ ಹತ್ತಿತು. ಗಟ್ಟಿ ಹಿಮ ಅಂದ್ಕೊಂಡೆ. ಆಮೇಲೆ ಆಕಾಶ ಕೆಳಗಿತ್ತು. ಕಲ್ಲು ಅಂತ ಹೇಳಿದ್ದು ಬೇರೆಯವ್ರು. ನಾನು ಕಲ್ಲು ನೋಡೇ ಇಲ್ಲ."

ಇಜ್ಜಾ ಇನ್ನೂ ನಡುಮನೆಯಲ್ಲಿ ನಿಂತೇ ಇದ್ದಳು, ಎರಡು ಕಿಲೋ ಸಕ್ಕರೆಯನ್ನು ಮಗುವಿನಂತೆ ಎದೆಗಾನಿಸಿಕೊಂಡು.

"ಇದನ್ನ ಎಲ್ಲಿಡ್ಲಿ?" ಎಂದಳು.

ಗಂಡ ಅವಳ ಕಡೆ ನೋಡಿದ, ತಮ್ಮ ನೋಡಿದ, ಮುಲೂದನೂ ನೋಡಿದ. ಗೂಡಿನಲ್ಲಿಟ್ಟರೆ ಅವನು ಹೇಳಿದ್ದನ್ನು ಕೇಳಲಿಲ್ಲವೆಂದಂತೆ. ಹೊಸ್ತಿಲಾಚೆ ಇಟ್ಟರೆ ಅವನೇ ತಪ್ಪಿತಸ್ಥನೆಂದಂತೆ. ಒಡೆದರೆ ಇಲ್ಲದ ತಪ್ಪನ್ನು ಕ್ಷಮಿಸಿದಂತೆಯೂ ಆಗಬಹುದು. ಕಡೆಗೆ ಯಾರೂ ಏನೂ ಹೇಳದ್ದನ್ನು ಕಂಡು ಇಜ್ಜಾ ಅದನ್ನು ಕಿಟಕಿಯ ಹಲಗೆಯ ಮೇಲೆ, ಹಿಂಡಿಯ ಡಬ್ಬಿಗೂ ದೀಪಕ್ಕೂ ನಡುವೆ ಇಟ್ಟಳು. ಇಟ್ಟು, ಸರಿಯಾಯಿತೋ ಇಲ್ಲವೋ ಎಂಬಂತೆ ಇನ್ನೊಮ್ಮೆ ತಿರುಗಿ ನೋಡಿದಳು.

"ನನ್ನ ಗಾಡಿ ಇನ್ನೂ ಅಲ್ಲೇ ಬಿದ್ದಿದೆ," ಎಂದ ರಹೋ ಇದ್ದಕ್ಕಿದ್ದಂತೆ. "ನಿಂಗಿಂತ ಮುಂಚೆ ಬಂದ ಮೂವರೂ ಕಾಲು ವಿಚಾರಿಸಿದ್ರು, ಗಾಡಿ ಯಾರೂ ವಿಚಾರಿಸ್ಲಿಲ್ಲ. ನಿನ್ನ ಹತ್ರ ಎಳೆಯೋ ಹಗ್ಗ ಇದ್ಯಾ?"

ಸರಪಳಿಯೇ ಇದೆ ಎಂದ ಮುಲೂದ್. ನಾಳೆ ಖಾಲಿ ಲಾರಿಯಲ್ಲಿ ಬರಬಹುದು. ತಿರುವಿನಲ್ಲಿ ನಿಲ್ಲಿಸಲು ಪೊಲೀಸರನ್ನು ಕೇಳಬೇಕಾಗುತ್ತದೆ. ಕೇಳುವಾಗ ಮೊನ್ನೆಯ ಕೊಂಡಿಯ ವಿಷಯವೂ ಬರಬಹುದು. ಬಂದರೆ ಬರಲಿ, ನಾನು ಹೇಳುತ್ತೇನೆ ಎಂದ. ಏನು ಹೇಳುತ್ತೀಯ ಎಂದು ಹಮ್ಮೂ ಕೇಳಿದ. ನಿಮಗೆ ಹೇಳಿದ್ದನ್ನೇ ಎಂದ ಮುಲೂದ್. ಹಮ್ಮೂ ಮೂಗಿನಲ್ಲಿ ಗಾಳಿ ಬಿಟ್ಟ. ಅದು ನಗುವೋ ತಿರಸ್ಕಾರವೋ ಹೇಳುವಂತಿರಲಿಲ್ಲ.

ಏಳುವಾಗ ಮುಲೂದ್ ಲೋಟವನ್ನು ನೋಡಿದ. ಅರ್ಧ ಕುಡಿದಿದ್ದ. ಉಳಿದದ್ದನ್ನು ಕುಡಿಯಬೇಕೋ ಬಿಡಬೇಕೋ ತಿಳಿಯದೆ ಒಂದು ಕ್ಷಣ ಬಗ್ಗಿದಂತೆಯೇ ನಿಂತು, ಆಮೇಲೆ ಕುಡಿದುಬಿಟ್ಟ. ರಹೋ ಕೈ ಚಾಚಿದ. ಮುಲೂದ್ ಅದನ್ನು ಮುಟ್ಟಿ, ವಾಡಿಕೆಯಂತೆ ತನ್ನ ಬೆರಳುಗಳನ್ನು ತುಟಿಗೆ ಒತ್ತಿಕೊಂಡ. ದೇವರು ಗುಣ ಮಾಡಲಿ ಎಂದ; ಕಾಯಿಲೆಯವರ ಮನೆಯಿಂದ ಹೊರಡುವ ಯಾರಾದರೂ ಹೇಳುವ ಮಾತು.

ಹಮ್ಮೂ ಅವನ ಹಿಂದೆಯೇ ಹೊರಬಿದ್ದು ಲಾರಿಯವರೆಗೂ ನಡೆದು ಬಂದ. ಇಳಿಜಾರಿನಲ್ಲಿ ಹೆಪ್ಪುಗಟ್ಟಿದ ಹಿಮ ಕಾಲಡಿ ಕರಕರ ಎನ್ನುತ್ತಿತ್ತು. ಸಂಜೆಯಾಗಲು ಇನ್ನೂ ಹೊತ್ತಿತ್ತು, ಆದರೂ ಗಾಳಿ ಕೊಯ್ಯತೊಡಗಿತ್ತು. ಮುಲೂದ್ ಮೇಲೆ ಹತ್ತಿ ಕೂತು ಬಾಗಿಲು ಎಳೆದುಕೊಳ್ಳುವಾಗ ಹಮ್ಮೂ ಅದನ್ನು ಕೈಯಿಂದ ತಡೆದ.

"ನಾಳೆ ಎಷ್ಟು ಹೊತ್ತಿಗೆ?"

"ಗೇಟು ತೆಗೆದ ಮೇಲೆ. ಹತ್ತು, ಹತ್ತೂವರೆ."

"ಅದಕ್ಕಿಂತ ಮುಂಚೆ ಬಾ. ಇಲ್ಲೇ ರೊಟ್ಟಿ ತಿಂದು ಹೋಗೋಣ."

ಹಾಗೆಂದು ಹಮ್ಮೂ ಬಾಗಿಲನ್ನು ತಾನೇ ದೂಡಿ ಮುಚ್ಚಿದ, ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿ. ಮುಲೂದ್ ಕೀಲಿ ತಿರುಗಿಸದೆ ಕೂತಿದ್ದ. ಅದು ನೆಂಟನನ್ನು ಕರೆದ ಮಾತೋ, ತಪ್ಪಿಸಿಕೊಂಡು ಹೋಗಬೇಡ ಎಂದು ಹೇಳಿದ್ದೋ ಅವನಿಗೆ ತಿಳಿಯಲಿಲ್ಲ. ಹಮ್ಮೂ ಮನೆಯ ಕಡೆ ಹತ್ತಿ ಹೋಗುತ್ತಿದ್ದ. ಅವನ ಬೆನ್ನು ನೋಡಿದರೆ ಅವನಿಗೂ ತಿಳಿದಂತಿರಲಿಲ್ಲ. ಎಷ್ಟು ಹೊತ್ತಿಗೆ ಎದ್ದರೆ ಒಂಬತ್ತಕ್ಕೆ ಇಲ್ಲಿ ಮುಟ್ಟಬಹುದು ಎಂದು ಲೆಕ್ಕ ಹಾಕುತ್ತ ಮುಲೂದ್ ಇಂಜಿನ್ ಚಾಲೂ ಮಾಡಿದ.